ನಮ್ಮ ಮಾವನವರ ಮೂಗನ್ನು ಕೆಂಪಾಗಿಸಿದ ಮಾನಿಟರಿಗೆ

ಮೇಜಿನ ಮುಕ್ಕಾಲು ಭಾಗವನ್ನು ಆಕ್ರಮಿಸಿ ಸದಾ ವಿರಾಜಮಾನರಾಗಿರುವ, ವಿಶಾಲ ಮುಖಾರವಿಂದದ ಮಾನ್ಯ ಮಾನಿಟರ್ ಮಹಾಶಯರೇ,

ಮನೆಯ ಮುಂದಿನ ಕೋಣೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡು, ತಮ್ಮ ಮುಖ ನೋಡಿಯೇ ಹೊಟ್ಟೆ ಹೊರೆಯುತ್ತಿರುವ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ತಮ್ಮ ಮುಖ ಒರೆಸುವವಳು ನಾನೇ. ಈ ಮನೆಯಲ್ಲಿ ಬೇರೆ ಯಾರಿಗೂ ಅಂಥ ಸೇವೆ ಸಲ್ಲುತ್ತಿಲ್ಲ.

ಮಾನ್ಯರೇ, ನಮ್ಮ ಮಾವನವರು ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವರಲ್ಲ. ಕೆಮ್ಮಿನ ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರಗಳನ್ನೂ ಭೂತಗನ್ನಡಿ ಹಿಡಿದು ಓದಿ, ಅದರಲ್ಲಿ ಆಲ್ಕೋಹಾಲ್ ಇದೆಯೆಂದು ಕಂಡರೆ ಕೆಮ್ಮುತ್ತಲೇ ಇರಲು ನಿರ್ಧರಿಸುವವರು. ಬಹುಕಾಲ ಪಾನವಿರೋಧಿ ಸಂಘದ ಅಧ್ಯಕ್ಷರಾಗಿದ್ದು ವಯಸ್ಸಾಯಿತೆಂದು ಕೆಳಗಿಳಿದಾಗ, ಸಂಘದವರು ಅವರದೊಂದು ದೊಡ್ಡ ಭಾವಚಿತ್ರವನ್ನು ಸಭಾಂಗಣದಲ್ಲಿ ತೂಗುಹಾಕಲು ತೀರ್ಮಾನಿಸಿದರು. ನನ್ನ ಕಸುಬಿನ ಬಗ್ಗೆ ಮಾವನವರು ಅದುವರೆಗೆ ಒಳ್ಳೆಯದನ್ನೂ ಆಡಿರಲಿಲ್ಲ, ಕೆಟ್ಟದ್ದನ್ನೂ ಆಡಿರಲಿಲ್ಲ. ಅಂದು ಮಾತ್ರ, ಹೊರಗಿನವರು ಯಾಕೆ, ನಮ್ಮ ಸೊಸೆಯೇ ತೆಗೆಯಲಿ ಎಂದು ತಾವಾಗಿಯೇ ಹೇಳಿ ಕಳಿಸಿದರು. ಈ ಮನೆಗೆ ಕಾಲಿಟ್ಟಾಗಿನಿಂದ ನಾನು ಕಾಯುತ್ತಿದ್ದ ಮಾತು ಅದು.

ಕಿಟಕಿಯ ಪಕ್ಕ ಕೂರಿಸಿ, ಬೆಳಕು ಹದವಾಗುವವರೆಗೆ ಕಾದು ತೆಗೆದೆ. ಅದನ್ನು ತಮ್ಮಲ್ಲಿ ತೆರೆದರೆ, ಮಾವನವರು ಪಾಚಿ ಕಟ್ಟಿದ ತೊಟ್ಟಿಯಿಂದ ಈಗಷ್ಟೇ ಎದ್ದು ಬಂದವರಂತೆ ಹಸಿರಾಗಿ ಕಂಡರು. ತಮ್ಮ ಮೇಲೆ ನನಗಿದ್ದ ನಂಬಿಕೆ ಎಂಥದ್ದೆಂದರೆ, ಕ್ಯಾಮೆರಾವನ್ನು ಅನುಮಾನಿಸಿದೆ, ಕಿಟಕಿಯನ್ನು ಅನುಮಾನಿಸಿದೆ, ಮಾವನವರ ಪಿತ್ತಕೋಶವನ್ನೂ ಅನುಮಾನಿಸಿದೆ, ತಮ್ಮನ್ನು ಮಾತ್ರ ಅನುಮಾನಿಸಲಿಲ್ಲ. ಹಸಿರು ಹೋಗುವವರೆಗೆ ಕೆಂಪು ಬೆರೆಸಿದೆ. ತಾವು ಅಂಗಡಿಯಿಂದ ಬಂದ ದಿನದ ಉತ್ಸಾಹದಲ್ಲೇ ಸರ್ಕಸ್ ಡೇರೆಯಂತೆ ಝಗಝಗಿಸುತ್ತಿದ್ದುದರಿಂದ, ಚಿತ್ರ ತೀರಾ ಬೆಳ್ಳಗಾಯಿತೆನ್ನಿಸಿ ಒಂದಿಷ್ಟು ಕಪ್ಪೂ ಮಾಡಿದೆ. ಕೊನೆಗೆ ತಮ್ಮ ಪರದೆಯಲ್ಲಿ ಸೌಮ್ಯರೂ ಆರೋಗ್ಯವಂತರೂ ಆದ ಹಿರಿಯರೊಬ್ಬರು ಮೂಡಿದರು. ಪ್ರಿಂಟ್ ಹಾಕುವ ಲ್ಯಾಬಿನವರು ಅದಕ್ಕೆ ಕಟ್ಟು ಹಾಕಿಸಿ, ಬಟ್ಟೆ ಸುತ್ತಿ, ನೇರವಾಗಿ ಸಭಾಂಗಣಕ್ಕೇ ತಲುಪಿಸಿದರು.

ಸಮಾರಂಭದಲ್ಲಿ ಆ ಬಟ್ಟೆ ಸರಿದಾಗ ಕಂಡದ್ದನ್ನು ವರ್ಣಿಸಲು ತಮ್ಮಷ್ಟು ಬಣ್ಣ ನನ್ನಲ್ಲಿಲ್ಲ. ಮೂಗು ಹಣ್ಣು ಟೊಮೆಟೊ, ಕೆನ್ನೆ ಕೆಂಡ, ಕಣ್ಣಿನ ಕೆಳಗೆ ಚರಂಡಿಯ ಪಕ್ಕದಲ್ಲಿ ಬೆಳಗು ಮಾಡಿದವರ ಕಪ್ಪು. ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಸಂಘದ ನೆರವಿನಿಂದ ಕುಡಿತ ಬಿಟ್ಟಿದ್ದ ಬಡಗಿಯೊಬ್ಬ ಹಿಂದಿನ ಸಾಲಿನಲ್ಲಿ ಪಕ್ಕದವನಿಗೆ, "ಪಾಪ, ಇವರೂ ನಮ್ಮವರೇ ಕಣೋ" ಎಂದದ್ದು ಇಡೀ ಸಭೆಗೆ ಕೇಳಿಸಿತು. ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾವನವರು ಮೆಲ್ಲಗೆ, "ನಿನ್ನ ಕಣ್ಣಿಗೆ ನಾನು ಹಾಗೆ ಕಾಣ್ತೀನೇನಮ್ಮಾ?" ಎಂದು ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಲ್ಯಾಬಿಗೆ ಹೋಗಿ, ಅದರ ಯಜಮಾನರ ಯಂತ್ರವನ್ನೂ ಕಾಗದವನ್ನೂ ಕಣ್ಣನ್ನೂ ಒಂದೇ ಉಸಿರಿನಲ್ಲಿ ಜಾಲಾಡಿಸಿದೆ. ಅವರು ನಾನು ಕಳಿಸಿದ ಫೈಲನ್ನು ಲ್ಯಾಬಿನ ಮಾನಿಟರಿನಲ್ಲಿ ತೆರೆದರು. ಅದರಲ್ಲೂ ಅದೇ ಟೊಮೆಟೊ. "ಮೇಡಂ, ನೀವು ಕಳಿಸಿದ್ದೇ ಇದು. ನಿಮ್ಮ ಮಾನಿಟರ್ ನಿಮಗೆ ಸುಳ್ಳು ಹೇಳಿದೆ" ಎಂದರು. ಮಾನ್ಯರೇ, ಆಗ ನಾನು ತಮ್ಮ ಪರವಾಗಿ ವಾದಿಸಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸಂಜೆ ಅವರು ಬಣ್ಣ ಅಳೆಯುವ ಪುಟ್ಟ ಉಪಕರಣವೊಂದನ್ನು ಹಿಡಿದು ಮನೆಗೇ ಬಂದರು. ತಮ್ಮನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಕಿಟಕಿಯ ಪರದೆ ಎಳೆದು, ಮೇಜಿನ ದೀಪ ಆರಿಸಿ, ಆ ಉಪಕರಣವನ್ನು ತಮ್ಮ ಹಣೆಯಿಂದ ಮೂಗಿನ ಮೇಲೆ ಇಳಿಬಿಟ್ಟರು. ಅದು ಕೇಳಿದಂತೆಲ್ಲ ತಾವು ಕೆಂಪು, ಹಸಿರು, ನೀಲಿ, ಬೂದುಗಳನ್ನು ಒಂದೊಂದಾಗಿ ಕಕ್ಕಿದಿರಿ. ಹೊಳಪು ಇಳಿಯಿತು, ತಮ್ಮ ಸ್ವಭಾವದ ಹಸಿರಿಗೆ ತಿದ್ದುಪಡಿಯಾಯಿತು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಮಾವನವರು ಒಳಗೆ ಬಂದು, ಕೆಂಪು ಮುಖವನ್ನು ಮೊದಲ ಬಾರಿಗೆ ಕೆಂಪಾಗಿಯೇ ತೋರಿಸುತ್ತಿದ್ದ ತಮ್ಮೆದುರು ಕುರ್ಚಿ ಎಳೆದುಕೊಂಡು ಕೂತರು. "ಅಂದ್ರೆ ನಿನಗೆ ಇದು ಬೇರೆ ಥರ ತೋರಿಸ್ತಿತ್ತು" ಎಂದರು. ನಾನು ತಲೆಯಾಡಿಸಿದೆ. "ಸರಿ, ಈಗ ತಿದ್ದು. ನಾನು ಇಲ್ಲೇ ಕೂತಿರ್ತೀನಿ" ಎಂದು, ಫೋಟೊದಲ್ಲಿದ್ದ ಅದೇ ಅಂಗಿ ತೊಟ್ಟು ಬಂದು, ಹೊಸ ಚಿತ್ರ ಮುಗಿಯುವವರೆಗೆ ತಮ್ಮ ಪಕ್ಕದಲ್ಲಿ ಕದಲದೆ ಕೂತರು. ಅಷ್ಟು ಹತ್ತಿರದಿಂದ ಆ ಮುಖವನ್ನು ನಾನು ಎಂದೂ ನೋಡಿರಲಿಲ್ಲ. ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆಯಿದೆ. ಅದನ್ನು ಅಳಿಸಲೇ ಎಂದು ಕೇಳಿದ್ದಕ್ಕೆ ಬೇಡವೆಂದರು.

ಹೊಸ ಚಿತ್ರ ಈಗ ಸಭಾಂಗಣದಲ್ಲಿದೆ. ಹಳೆಯದನ್ನು ಒಡೆದು ಹಾಕಬೇಕೆಂದಿದ್ದೆ. ಸಂಘದ ಕಾರ್ಯದರ್ಶಿಗಳು ಬಹಳ ಸಂಕೋಚದಿಂದ ಬಂದು, ಕುಡಿತದ ದುಷ್ಪರಿಣಾಮಗಳ ಪ್ರದರ್ಶನಕ್ಕೆ ಅದನ್ನು ಕೊಡಬಹುದೇ ಎಂದು ಕೇಳಿದರು. ಮಾವನವರು, "ಕೊಡಿ. ಕೆಳಗೆ ನನ್ನ ಹೆಸರು ಬೇಡ, ತೆಗೆದವಳ ಹೆಸರು ಹಾಕಿ" ಎಂದರು. ಅದನ್ನು ನೋಡಿಯೇ ಕುಡಿತ ಬಿಟ್ಟವರು, ಅವರ ಇಷ್ಟು ವರ್ಷದ ಭಾಷಣ ಕೇಳಿ ಬಿಟ್ಟವರಿಗಿಂತ ಹೆಚ್ಚಂತೆ ಎಂದು ಮಾವನವರೇ ಈಗ ಊಟಕ್ಕೆ ಕೂತಾಗಲೆಲ್ಲ ಮುಖ ಊದಿಸಿಕೊಂಡು ಹೇಳುತ್ತಾರೆ, ಹೇಳಿ ತಾವೇ ನಗುತ್ತಾರೆ.

ಆದ್ದರಿಂದ ಮಾನ್ಯರೇ, ಸಮಾಜಕ್ಕೆ ತಾವು ಸಲ್ಲಿಸಿದ ಈ ಸೇವೆಗಾಗಿ ಅಭಿನಂದಿಸುತ್ತಾ, ತಾವು ಬೀಟ್‌ರೂಟ್ ಬಣ್ಣಕ್ಕೆ ತಿರುಗಿಸಿದ, ನನ್ನ ಹಳೆಯ ಗಿರಾಕಿಗಳ ಹಸುಗೂಸುಗಳ ಮನೆಮನೆಗೂ ಖುದ್ದಾಗಿ ನಡೆದುಹೋಗಿ, ಗೋಡೆಯ ಮೇಲಿನ ಚಿತ್ರಗಳೆದುರು ತಲೆ ತಗ್ಗಿಸಿ ಕ್ಷಮೆ ಕೇಳಬೇಕಾಗಿ ವಿನಂತಿಸುತ್ತೇನೆ. ವೈರು ಎಷ್ಟು ಉದ್ದ ಬೇಕೋ ನಾನು ಕೊಡಿಸುತ್ತೇನೆ.

ಇನ್ನು ಮುಂದೆ ಪ್ರತಿ ತಿಂಗಳೂ ಪರೀಕ್ಷಿಸಿದ ಮೇಲಷ್ಟೇ ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ಫೋಟೊದಾಕೆ

ಮರೆತಿದ್ದ ಮಾತು: ನನ್ನ ಯಜಮಾನರು ತಮ್ಮ ಪರದೆಯಲ್ಲಿ ಅವರದೇ ಫೋಟೊ ನೋಡಿ, ಹೊಸದಾಗಿ ಡೈ ಹಚ್ಚಿದ ತಲೆಗೂದಲು ಬದನೆಕಾಯಿ ಬಣ್ಣ ಕಾಣುತ್ತಿದೆ, ಮಾನಿಟರನ್ನು ಇನ್ನೊಮ್ಮೆ ಸರಿಪಡಿಸು ಎನ್ನುತ್ತಿದ್ದಾರೆ. ತಾವು ದಯವಿಟ್ಟು ಹಾಗೇ ಇರಬೇಕು. ಇದೊಂದು ವಿಷಯದಲ್ಲಿ ತಾವು ಹೇಳುತ್ತಿರುವುದು ನಿಜ.