ದಿಂಬಿನ ಮೇಲೆ ಕಲಿತ ಡ್ರಮ್

ಡ್ರಮ್ ಬಾರಿಸುವುದು ಮಹಾ ಕಷ್ಟದ ವಿದ್ಯೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಎರಡು ಕೋಲು, ಎರಡು ಕೈ, ಎದುರಿಗೊಂದು ಡ್ರಮ್. ಇದರಲ್ಲಿ ಕಷ್ಟ ಎಲ್ಲಿಂದ ಬಂತು? ಕೋಲು ಮೇಲೆ ಹೋಗಬೇಕು, ಕೆಳಗೆ ಬರಬೇಕು. ಕೆಳಗೆ ಬರುವುದನ್ನಂತೂ ಭೂಮಿಯೇ ನೋಡಿಕೊಳ್ಳುತ್ತದೆ!

ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗೆ ಉಂಟು ಎಂದು ನಾನು ಭಾವಿಸಿದ್ದೆ. ಉಡುಪಿಯಲ್ಲಿ ಓದುವಾಗ ನಮ್ಮ ಕಾಲೇಜಿನ ಡ್ರಮ್ ಪಡೆ ಒಂದು ಗಣರಾಜ್ಯೋತ್ಸವದಂದು ಮೈದಾನದಲ್ಲಿ ಬಾರಿಸಿದ್ದನ್ನು ಕೇಳಿ ಜನ ಚಪ್ಪಾಳೆ ತಟ್ಟುವುದನ್ನೂ ಮರೆತಿದ್ದರು. ಆ ಪಡೆಯಲ್ಲಿ ನಾನಿದ್ದೆ. ಇದು ಸತ್ಯ. ನನ್ನ ಕೆಲಸ ಎಲ್ಲರಿಗಿಂತ ಮುಂದೆ ಕಾಲೇಜಿನ ಬೋರ್ಡು ಹಿಡಿದು ನಡೆಯುವುದಾಗಿತ್ತು. ಇದೂ ಸತ್ಯ. ಆದರೆ ಯಾರೂ ಕೇಳದ ಕಾರಣ ಈ ಎರಡನೆಯ ಸತ್ಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೋರ್ಡು ಹಿಡಿದವನಿಗೆ ಪಡೆ ಸದಾ ಬೆನ್ನ ಹಿಂದೆ. ಹಾಗಾಗಿ ಆ ಅಮರ ಪ್ರದರ್ಶನವನ್ನು ಮೈದಾನದಲ್ಲಿದ್ದ ಎಲ್ಲರೂ ನೋಡಿದರು, ನನ್ನೊಬ್ಬನನ್ನು ಬಿಟ್ಟು.

ನೋಡದಿದ್ದರೇನಂತೆ, ವರ್ಣಿಸಲು ಅಡ್ಡಿಯಿಲ್ಲವಲ್ಲ! ಮಸ್ಕತ್ತಿಗೆ ಬಂದು ಅಲ್ ಖುವೈರಿನ ಒಂದು ಕಂಪನಿಯಲ್ಲಿ ಅಕೌಂಟೆಂಟ್ ಆದ ಮೇಲೆ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ನಾನು ಡ್ರಮ್ಮಿನ ವಿಷಯವನ್ನೂ ಬಿಚ್ಚುತ್ತಿದ್ದೆ. "ಗಟ್ಟಿಯಾಗಿ ಬಾರಿಸುವುದು ದೊಡ್ಡಸ್ತಿಕೆಯಲ್ಲ. ನಿಲ್ಲಿಸಿದ ಮೇಲೂ ಕೇಳುವವನ ಎದೆಯಲ್ಲಿ ಅದು ಬಾರಿಸುತ್ತಿರಬೇಕು. ಅದು ಅಮರ ಪ್ರದರ್ಶನ!" ಎಂದು ನಾನು ಹೇಳಿದರೆ ಸ್ಟೋರಿನ ಫೆಲಿಕ್ಸ್ ಮೀನಿನ ಮುಳ್ಳು ತೆಗೆಯುತ್ತಾ, "ಹೌದಾ ಶೆಟ್ರೇ" ಎನ್ನುತ್ತಿದ್ದ. ಫೆಲಿಕ್ಸ್ ನಮ್ಮ ಕಟ್ಟಡದಲ್ಲೇ ಕೆಳಗಿನ ಮನೆಯವನು, ಮಂಗಳೂರು ಕಡೆಯವನು, ಒಳ್ಳೆಯವನು. ಅವನ ಒಳ್ಳೆಯತನವೇ ನನ್ನನ್ನು ಹಾಳುಮಾಡಿತು.

ಎಂಬತ್ತರ ದಶಕದ ಕೊನೆಯ ಒಂದು ಚಳಿಗಾಲ. ನನ್ನ ಹೆಂಡತಿ ವಸಂತಿ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಮದುವೆಯಾಗಿ ಎಂಟು ವರ್ಷದಲ್ಲಿ ನಾವು ಒಟ್ಟಿಗೆ ಇದ್ದದ್ದಕ್ಕಿಂತ ವಿಮಾನ ನಿಲ್ದಾಣದಲ್ಲಿ ಅತ್ತದ್ದೇ ಹೆಚ್ಚು. ಅವಳು ಇಲ್ಲೇ ಉಳಿಯಬೇಕಾದರೆ ಕಂಪನಿ ನನಗೆ ಫ್ಯಾಮಿಲಿ ಸ್ಟೇಟಸ್ ಕೊಡಬೇಕಿತ್ತು. ನನ್ನ ಅರ್ಜಿ ಜನರಲ್ ಮ್ಯಾನೇಜರ್ ಹಮೂದ್ ಸಾಹೇಬರ ಮೇಜಿನ ಮೇಲೆ ಇತ್ತು. ಇತ್ತು ಎಂದರೆ ಇತ್ತು, ಅಷ್ಟೇ. ಅದರ ಮೇಲೆ ಚಹಾದ ಗ್ಲಾಸಿನ ಗುರುತು ಬಿದ್ದಿತ್ತೇ ಹೊರತು ಸಹಿ ಬಿದ್ದಿರಲಿಲ್ಲ. ಸಾಹೇಬರಿಗೆ ನನ್ನ ಮುಖವೇ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿದರೆ ಪ್ರತಿ ಸಲವೂ, "ಹೊಸಬರಾ?" ಎಂದು ಕೇಳುತ್ತಿದ್ದರು. ನಾನು ಸೇರಿ ಒಂಬತ್ತು ವರ್ಷವಾಗಿತ್ತು!

ಇಂಥ ಸಂದರ್ಭದಲ್ಲಿ ಕಂಪನಿಯ ಕ್ರೀಡಾದಿನ ಬಂತು. ಹಮೂದ್ ಸಾಹೇಬರು ಹಿಂದೆ ಸೈನ್ಯದಲ್ಲಿದ್ದವರು, ಪೆರೇಡ್ ಎಂದರೆ ಪ್ರಾಣ. ಈ ಸಲ ಮೆರವಣಿಗೆಗೆ ಟೇಪ್ ರೆಕಾರ್ಡರ್ ಬೇಡ, ನಿಜವಾದ ಬ್ಯಾಂಡ್ ಬೇಕು ಎಂದರಂತೆ. ಫೆಲಿಕ್ಸ್ ಕೂಡಲೇ ಹೇಳಿಬಿಟ್ಟ: "ನಮ್ಮ ಶೆಟ್ರು ಡ್ರಮ್ಮಿನವರು ಸರ್!"

ಸಂಜೆ ಮನೆಗೆ ಬಂದು ವಸಂತಿಗೆ ಸುದ್ದಿ ತಿಳಿಸಿದೆ.

"ನಿಮಗೆ ಡ್ರಮ್ ಬಾರಿಸಲಿಕ್ಕೆ ಬರ್ತದಾ?" ಎಂದಳು.

"ನಾನು ಬಾರಿಸುವುದಲ್ಲ ಮಾರಾಯ್ತಿ. ನಾನು ಬಾರಿಸಿಸುವುದು. ಸಾಹೇಬರ ಕಣ್ಣಿಗೆ ಬಿದ್ದರೆ ಸಹಿ ಬಿದ್ದ ಹಾಗೆ. ನೀನು ಊರಿಗೆ ಹೋಗುವುದೇ ಬೇಡ."

"ಹಾಗಾದ್ರೆ ನಾನು ಸೂಟ್‌ಕೇಸ್ ತುಂಬಿಸಲಿಕ್ಕೆ ಶುರು ಮಾಡ್ತೇನೆ," ಎಂದಳು. ಗಂಡನ ಮೇಲೆ ಹೆಂಡತಿಗೆ ಎಷ್ಟು ಭರವಸೆ ಇರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಪಡೆ ಕಟ್ಟಿದೆ. ದೊಡ್ಡ ಡ್ರಮ್ಮಿಗೆ ಫೆಲಿಕ್ಸ್, ಏಕೆಂದರೆ ಅದನ್ನು ಹೊರುವ ಹೊಟ್ಟೆ ಅವನೊಬ್ಬನಿಗೇ ಇತ್ತು. ಸಣ್ಣ ಡ್ರಮ್ಮುಗಳಿಗೆ ಗುಲ್ ಖಾನ್ ಎಂಬ ಪಠಾಣ ಡ್ರೈವರ್, ಇನ್ನೂ ಕೆಲವು ಡ್ರೈವರುಗಳು, ಟೈಪಿಸ್ಟುಗಳು. ಎಲ್ಲ ಸಿದ್ಧ. ಡ್ರಮ್ ಮಾತ್ರ ಇರಲಿಲ್ಲ. ಒಂದು ಶಾಲೆಯವರು ಕೊಡುತ್ತೇವೆ ಎಂದರು, ಆದರೆ ಅವತ್ತಿನ ಮಟ್ಟಿಗೆ ಮಾತ್ರ. ಅಭ್ಯಾಸಕ್ಕೆ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ ಬಾರಿಸಿದೆವು. ಎರಡೇ ನಿಮಿಷದಲ್ಲಿ ಮೇಲಿನ ಮನೆಯ ಈಜಿಪ್ಟಿನ ಮಾಸ್ತರರು ಲುಂಗಿಯಂಥದ್ದೇನನ್ನೋ ಎತ್ತಿ ಹಿಡಿದು ಇಳಿದು ಬಂದು, "ಖಲಾಸ್! ಖಲಾಸ್!" ಎಂದು ಕೂಗಿದರು. ಕಟ್ಟಡದ ಯಜಮಾನನಿಗೆ ಫೋನ್ ಮಾಡುತ್ತೇನೆ ಎಂದರು. ಇರುವ ಬಾಡಿಗೆ ಮನೆಯೂ ಹೋದರೆ ಫ್ಯಾಮಿಲಿ ಸ್ಟೇಟಸ್ ತೆಗೆದುಕೊಂಡು ಏನು ಮಾಡಲಿ?

ಆಗ ನನ್ನ ತಲೆಗೆ ಹೊಳೆದದ್ದೇ ದಿಂಬು.

ಊರಿಂದ ವಸಂತಿ ತಂದಿದ್ದ ಬೂರುಗದ ಹತ್ತಿಯ ದಿಂಬುಗಳು, ಸೋಫಾದ ಮೆತ್ತೆಗಳು, ಫೆಲಿಕ್ಸನ ಮನೆಯ ತಲೆದಿಂಬುಗಳು ಎಲ್ಲ ನಮ್ಮ ಹಾಲಿಗೆ ಬಂದವು. ಪಡೆ ಚಕ್ಕಳಮಕ್ಕಳ ಹಾಕಿ ಕುಳಿತು ದಿಂಬುಗಳ ಮೇಲೆ ಬಾರಿಸತೊಡಗಿತು. ಸದ್ದೇ ಇಲ್ಲ! ಬರೀ ಬುಸ್, ಬುಸ್. ಎದುರಿಗೆ ಕುರ್ಚಿಯ ಮೇಲೆ ನಾನು. ಕೈಯಲ್ಲೊಂದು ಚಮಚ. ಚಮಚ ಮೇಲೆ ಹೋದರೆ ಎಲ್ಲರ ಕೋಲು ಮೇಲೆ, ಕೆಳಗೆ ಬಂದರೆ ಕೆಳಗೆ. ಎಲ್ಲರ ಕಣ್ಣೂ ಚಮಚದ ಮೇಲೆ. ವಾರ ಕಳೆಯುವಷ್ಟರಲ್ಲಿ ಎಷ್ಟು ಚಂದ ಹೊಂದಿಕೊಂಡಿತೆಂದರೆ, ಕಿವುಡರು ನೋಡಿದ್ದರೆ ನಮ್ಮನ್ನು ಜಗತ್ತಿನ ಅತ್ಯುತ್ತಮ ಡ್ರಮ್ ಪಡೆ ಎಂದು ಒಪ್ಪಿಬಿಡುತ್ತಿದ್ದರು.

ಒಂದು ದಿನ ಗುಲ್ ಖಾನನ ಉತ್ಸಾಹ ಹೆಚ್ಚಾಗಿ ದಿಂಬು ಒಡೆಯಿತು. ಹತ್ತಿ ಹಾಲಿನ ತುಂಬ ಹಾರಾಡಿತು. ವಸಂತಿ ಅಡುಗೆಮನೆಯಿಂದ ಬಂದು, ತಲೆಗೂದಲು ಬೆಳ್ಳಗಾದ ಪಡೆಯನ್ನು ಒಮ್ಮೆ ನೋಡಿದಳು.

"ಒಂದು ಮಾತು ಕೇಳ್ತೇನೆ," ಎಂದಳು. "ಅವತ್ತು ನೀವು ಎಲ್ಲಿರ್ತೀರಿ?"

"ಎಲ್ಲರಿಗಿಂತ ಮುಂದೆ. ಕೋಲು ಹಿಡಿದು ನಡೆಸುವವನು ನಾನೇ ಅಲ್ಲವಾ?"

"ಮತ್ತೆ ಇವ್ರೆಲ್ಲ ಚಮಚ ಹೇಗೆ ನೋಡುದು? ನಿಮ್ಮ ಬೆನ್ನು ನೋಡಿ ಬಾರಿಸುದಾ?"

"ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ. ತಾಳ ರಕ್ತದಲ್ಲಿ ಸೇರಿಹೋಗಿದೆ," ಎಂದೆ ಗಂಭೀರವಾಗಿ.

"ರಕ್ತದಲ್ಲಿ ಎಂತ ಸೇರಿದೆಯೋ. ಮೂಗಲ್ಲಿ ಹತ್ತಿ ಸೇರಿದೆ, ತೆಗೀರಿ," ಎಂದು ಪೊರಕೆ ತರಲು ಹೋದಳು.

ಕ್ರೀಡಾದಿನದ ಶುಕ್ರವಾರ ಬೆಳಿಗ್ಗೆ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಕಡೆಯ ಒಂದು ಮೈದಾನ. ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಪ್ಪು ಕಲ್ಲಿನ ಗುಡ್ಡ, ಮೈದಾನಕ್ಕೆ ಗೋಡೆ ಕಟ್ಟಿದಷ್ಟು ಹತ್ತಿರ. ಶಾಮಿಯಾನದಲ್ಲಿ ಹಮೂದ್ ಸಾಹೇಬರು, ಅವರ ಪಕ್ಕದಲ್ಲಿ ದೊಡ್ಡವರು, ಹಿಂದಿನ ಸಾಲಿನಲ್ಲಿ ಹೆಂಗಸರ ಮಧ್ಯೆ ವಸಂತಿ. ನಾನು ಬಿಳಿ ಪ್ಯಾಂಟು, ಬಿಳಿ ಕೈಗವಸು. ಕೈಯಲ್ಲಿ ಪರದೆ ಕಟ್ಟುವ ರಾಡು. ಅದರ ತುದಿಗೆ ಟೆನಿಸ್ ಚೆಂಡು ಸಿಕ್ಕಿಸಿ ಬೆಳ್ಳಿಕಾಗದ ಸುತ್ತಿದ್ದೆ. ದೂರದಿಂದ ರಾಜದಂಡದ ಹಾಗೆ ಕಾಣುತ್ತಿತ್ತು. ಹತ್ತಿರದಿಂದ ಪರದೆಯ ರಾಡಿನ ಹಾಗೆಯೇ ಕಾಣುತ್ತಿತ್ತು.

ಶಾಲೆಯ ಡ್ರಮ್ಮುಗಳು ಬಂದದ್ದು ತಡವಾಗಿ. ಹೆಗಲಿಗೆ ಹಾಕಿಕೊಳ್ಳುವಷ್ಟರಲ್ಲಿ ಮೈಕಿನಲ್ಲಿ ನಮ್ಮನ್ನು ಕರೆದೇಬಿಟ್ಟರು. ಗುಲ್ ಖಾನ್ ಮೆಲ್ಲಗೆ ಒಂದು ಪೆಟ್ಟು ಕೊಟ್ಟು ನೋಡಿದ. ಠಣ್ ಎಂದಿತು. ಕೋಲು ಚಂಗನೆ ಮೇಲೆ ಹಾರಿ ಅವನ ಮೂಗಿಗೇ ಬಂತು. ಅವನು ಕಂಗಾಲಾಗಿ ನನ್ನನ್ನು ನೋಡಿದ.

"ಶೆಟ್ಟಿ ಸಾಬ್! ಯೇ ತೋ ಬೋಲ್ತಾ ಹೈ!"

ಡ್ರಮ್ ಮಾತಾಡುತ್ತದೆ ಎಂಬುದು ನನ್ನ ಪಡೆಗೆ ಗೊತ್ತಾದದ್ದು ಆಗಲೇ. ದಿಂಬು ಹೀಗೆಲ್ಲ ಎದುರುತ್ತರ ಕೊಡುತ್ತಿರಲಿಲ್ಲ.

"ಹೆದರಬೇಡಿ, ದಿಂಬು ಎಂದೇ ತಿಳಿಯಿರಿ. ಯಲ್ಲಾ, ನಡೆಯಿರಿ!" ಎಂದು ನಾನು ಮುಂದಕ್ಕೆ ತಿರುಗಿ ರಾಡು ಎತ್ತಿದೆ.

ಢಂ! ಮೊದಲ ಪೆಟ್ಟು ಬಿತ್ತು. ನನ್ನ ಎದೆ ಉಬ್ಬಿತು. ಕ್ಷಣ ಬಿಟ್ಟು ಗುಡ್ಡದಿಂದ ಇನ್ನೊಂದು ಢಂ ಬಂತು. ನನ್ನ ಎದೆ ಮತ್ತೂ ಉಬ್ಬಿತು. ಹತ್ತು ಜನರ ಪಡೆಗೆ ಇಪ್ಪತ್ತು ಜನರ ಸದ್ದು! ಉಡುಪಿಯಲ್ಲಿ ಜನ ಯಾಕೆ ಚಪ್ಪಾಳೆ ಮರೆತರೆಂಬುದು ಆಗ ಅರ್ಥವಾಯಿತೆಂದುಕೊಂಡು, ಗಲ್ಲ ಮೇಲೆತ್ತಿ ನಡೆದೆ.

ಇನ್ನು ಮುಂದಿನದನ್ನು ನಾನು ನೋಡಿಲ್ಲ. ವಸಂತಿ ಹೇಳಿದ್ದು. ನನ್ನ ಹಿಂದಿನವರು ಚಮಚ ಹುಡುಕಿದರಂತೆ. ಚಮಚವಿಲ್ಲ, ನನ್ನ ಬೆನ್ನು ಮಾತ್ರ. ಹಿಂದಿನ ಸಾಲಿನವರಿಗೆ ಗುಡ್ಡದ ಸದ್ದೇ ಜೋರಾಗಿ ಕೇಳಿ, ಅದೇ ಸರಿಯಾದ ತಾಳವೆಂದು ಅದಕ್ಕೆ ಹೊಂದಿಸಿಕೊಂಡರಂತೆ. ಮುಂದಿನ ಸಾಲಿನವರು, ತಪ್ಪಿದ್ದು ತಾವೇ ಇರಬೇಕೆಂದು, ಹಿಂದಿನವರಿಗೆ ಹೊಂದಿಸಿಕೊಂಡರಂತೆ. ಗುಡ್ಡ ಅದಕ್ಕೂ ತಡವಾಗಿ ಉತ್ತರ ಕೊಟ್ಟಿತು. ಎಲ್ಲರೂ ಇನ್ನಷ್ಟು ನಿಧಾನಿಸಿದರು. ಕೊನೆಗೆ ಒಂದು ಪೆಟ್ಟು ಕೊಟ್ಟು, ಗುಡ್ಡ ಏನು ಹೇಳುತ್ತದೋ ಎಂದು ಕಾಯುತ್ತಾ ನಿಂತುಬಿಟ್ಟರಂತೆ! ದೊಡ್ಡ ಡ್ರಮ್ಮಿನ ಮೇಲಿಂದ ಫೆಲಿಕ್ಸನಿಗೆ ಎದುರಿನದು ಕಾಣುತ್ತಿರಲಿಲ್ಲ. ನಿಂತವರ ಮೇಲೆ ಅವನು ಹೋಗಿ ನುಗ್ಗಿದ. ಗುಲ್ ಖಾನ್ ಬಿದ್ದ. ಅವನ ಮೇಲೆ ಟೈಪಿಸ್ಟ್ ಬಿದ್ದ. ಒಂದು ಡ್ರಮ್ ಉರುಳಿಕೊಂಡು ಶಾಮಿಯಾನದ ಒಳಗೆ ಹೋಗಿ ಸಾಹೇಬರ ಕಾಲಬುಡದಲ್ಲಿ ನಿಂತಿತು.

ಇತ್ತ ನಾನು? ಸದ್ದು ನಿಂತದ್ದು ನನಗೆ ತಿಳಿಯಿತು. ತಿಳಿಯದೆ ಏನು! ಆದರೆ ನನ್ನ ಎದೆಯಲ್ಲಿ ಅದು ಇನ್ನೂ ಬಾರಿಸುತ್ತಿತ್ತಲ್ಲ. ಅಮರ ಪ್ರದರ್ಶನದ ಲಕ್ಷಣ! ಜನ ಚಪ್ಪಾಳೆ ತಟ್ಟುತ್ತಿಲ್ಲ ಎಂಬುದನ್ನೂ ಗಮನಿಸಿ ಧನ್ಯನಾದೆ. ಶಾಮಿಯಾನದ ಎದುರು ಬಂದಾಗ ಸಾಹೇಬರಿಗೆ ಗಂಭೀರವಾಗಿ ಸೆಲ್ಯೂಟ್ ಹೊಡೆದೆ. ಸಾಹೇಬರು ತಬ್ಬಿಬ್ಬಾಗಿ ಎದ್ದು ನಿಂತು ಸೆಲ್ಯೂಟ್ ವಾಪಸು ಕೊಟ್ಟರು. ಅಲ್ಲಿಂದ ಬಲಕ್ಕೆ ತಿರುಗಿ, ರಾಡು ಬೀಸುತ್ತಾ, ಗೇಟು ದಾಟಿ, ಕಾರುಗಳು ನಿಂತಿದ್ದ ಜಾಗಕ್ಕೆ ಹೋಗಿ, "ಪಡೇ... ನಿಲ್!" ಎಂದು ಕೂಗಿದೆ. ಒಂದು ಟೊಯೊಟಾ ಪಿಕಪ್ಪಿನ ಎದುರು ನಾನೊಬ್ಬನೇ ನಿಂತೆ.

ಆಗ ಹಿಂದೆ ತಿರುಗಿ ನೋಡಿದೆ.

ಗೇಟಿನಲ್ಲಿ ಹಮೂದ್ ಸಾಹೇಬರು ನಿಂತಿದ್ದರು. ಕೈಯಲ್ಲಿ ಉರುಳಿ ಬಂದ ಡ್ರಮ್. ಮುಖ ಕೆಂಪಾಗಿತ್ತು. ಮುಗಿಯಿತು, ಫ್ಯಾಮಿಲಿ ಸ್ಟೇಟಸ್ ಮಾತ್ರವಲ್ಲ, ನನ್ನ ಸ್ಟೇಟಸ್ಸೂ ಮುಗಿಯಿತು ಎಂದುಕೊಂಡೆ. ವಸಂತಿ ವಿಮಾನ ಹತ್ತುವುದು, ನಾನು ಗಾಜಿನ ಈಚೆ ನಿಂತು ಕೈಬೀಸುವುದು ಎಲ್ಲ ಕಣ್ಣಿಗೆ ಕಟ್ಟಿತು. ನಿಜಕ್ಕೂ ಅಳು ಬಂತು.

"ಯಾ ಅಖೀ," ಎಂದರು ಸಾಹೇಬರು, ಸಹೋದರನೇ ಎಂಬ ಅರ್ಥದಲ್ಲಿ. "ತುಮ್ಹಾರಾ ಬ್ಯಾಂಡ್ ಕಿಧರ್ ಹೈ?"

ಬ್ಯಾಂಡ್ ಎಲ್ಲಿ ಎಂದು ಕೇಳಿದ್ದಕ್ಕೆ ನಾನು ಗುಡ್ಡದ ಕಡೆ ಕೈ ತೋರಿಸಿದೆ. ಅಷ್ಟೇ ಸಾಕಾಯಿತು. ಅಷ್ಟು ಹೊತ್ತು ತಡೆದುಕೊಂಡಿದ್ದ ಸಾಹೇಬರು ಡ್ರಮ್ ಕೆಳಗಿಟ್ಟು ಅದರ ಮೇಲೆ ಕೈಯೂರಿ ನಗತೊಡಗಿದರು. ನಕ್ಕರು, ಕೆಮ್ಮಿದರು, ಟೋಪಿ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಸೈನ್ಯದಲ್ಲಿ ಅಷ್ಟು ವರ್ಷ ನೂರಾರು ಪೆರೇಡ್ ನೋಡಿದ್ದರಂತೆ, ಒಂದೂ ನೆನಪಿಲ್ಲವಂತೆ. ಇದನ್ನು ಮಾತ್ರ ಸಾಯುವತನಕ ಮರೆಯುವುದಿಲ್ಲವಂತೆ!

ಶನಿವಾರ ಆಫೀಸಿನಲ್ಲಿ ನನ್ನನ್ನು ಕರೆಸಿದರು. ಒಂಬತ್ತು ವರ್ಷದಲ್ಲಿ ಮೊದಲ ಬಾರಿ "ಹೊಸಬರಾ?" ಎಂದು ಕೇಳಲಿಲ್ಲ. "ತಾಲ್, ಅಬೂ ತಬಲ್!" ಎಂದರು. ಬಾ, ಡ್ರಮ್ಮಿನಪ್ಪ ಎಂದು ಅರ್ಥ. ಚಹಾದ ಗ್ಲಾಸನ್ನು ಪಕ್ಕಕ್ಕಿಟ್ಟು, ಅದರಡಿಯ ನನ್ನ ಅರ್ಜಿಯನ್ನು ಎಳೆದು, ನಗುತ್ತಲೇ ಸಹಿ ಹಾಕಿ, "ಖಲಾಸ್" ಎಂದರು. ಒಂಬತ್ತು ವರ್ಷ ಒಂದು ಪೈಸೆ ತಪ್ಪದಂತೆ ಲೆಕ್ಕ ಬರೆದದ್ದಕ್ಕೆ ಸಿಗದಿದ್ದದ್ದು, ಒಂದು ಶುಕ್ರವಾರ ತಾಳ ತಪ್ಪಿದ್ದಕ್ಕೆ ಸಿಕ್ಕಿತು. ಪ್ರತಿಭೆಗೆ ಬೆಲೆಯಿಲ್ಲ ಎಂದು ಯಾರು ಹೇಳಿದರು?

ಸಂಜೆ ವಸಂತಿ ಸೂಟ್‌ಕೇಸ್ ಬಿಚ್ಚಿ ಸೀರೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ದಿಂಬಿನ ಹತ್ತಿ ಎಂದೆ.

ಹೀಗೆ ಅವಳು ಉಳಿದಳು. ಉಳಿದು, ಮನೆಗೆ ಬಂದ ಪ್ರತಿಯೊಬ್ಬರಿಗೂ ಈ ಕಥೆ ಹೇಳತೊಡಗಿದಳು. ಇಲ್ಲಿಯದೇ ಸಹಮ್ ಪಟ್ಟಣದಿಂದ ಬಂದ ನೆಂಟರಿಗೆ, ಊರಿಂದ ಬಂದವರಿಗೆ, ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನಿಗೂ! ಮೇಲಿನ ಮನೆಯ ಈಜಿಪ್ಟಿನ ಮಾಸ್ತರರು ಇದನ್ನು ಕೇಳಲಿಕ್ಕೆಂದೇ ತಮ್ಮ ಬಂಧುಗಳನ್ನು ಕರೆದುಕೊಂಡು ಇಳಿದು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಚಹಾ ಕಾಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕಥೆ ಸೆಲ್ಯೂಟಿನ ಹತ್ತಿರ ಬಂದಾಗ ಕರೆ ಬರುತ್ತಿತ್ತು.

"ಇವ್ರೇ, ಒಮ್ಮೆ ಬಂದು ನಡೆದು ತೋರಿಸಿ ಮಾರಾಯ್ರೆ. ನಾನು ಹೇಳಿದ್ರೆ ಇವ್ರಿಗೆ ನಂಬಿಕೆ ಬರುದಿಲ್ಲ."

ನಾನು ಸೌಟು ಹಿಡಿದು, ಗಲ್ಲ ಮೇಲೆತ್ತಿ, ಅಡುಗೆಮನೆಯಿಂದ ಬಾಗಿಲವರೆಗೆ ನಡೆದು ತೋರಿಸುತ್ತಿದ್ದೆ. ಈಗಲೂ ತೋರಿಸುತ್ತೇನೆ. ಆದರೆ ಈಗ ಬುದ್ಧಿ ಬಂದಿದೆ, ಎರಡು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತೇನೆ. ಹಿಂದೆ ಯಾರೂ ಇರುವುದಿಲ್ಲ!