ಕೆಂಚಕ್ಕ ಬಾಯಿ ಮುಚ್ಚಿದ ದಿನ

ಹರಕೆ ಹೊತ್ತವಳು ರೇಣುಕಮ್ಮ, ನಡೆಯಬೇಕಾದವನು ಅವಳ ಗಂಡ ಹುಲಿಯಪ್ಪ. ಚಳ್ಳಕೆರೆ ಮಾರ್ಕೆಟ್ಟಿಗೆ ಈರುಳ್ಳಿ ಸಾಗಿಸುವ ಅವನ ಲಗೇಜ್ ಆಟೋ ಮೂರು ಪಲ್ಟಿ ಹೊಡೆದಿದ್ದರೂ ಅವನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆ ಉಪಕಾರಕ್ಕೆ ರೇಣುಕಮ್ಮ ಗಂಡನ ಎರಡು ಕಾಲುಗಳನ್ನು ಜಟಿಂಗ ರಾಮೇಶ್ವರನಿಗೆ ಬರೆದುಕೊಟ್ಟುಬಿಟ್ಟಳು.

"ಇಲ್ಲಿಂದ ಬೆಟ್ಟದ ತುದೀವರ್ಗೂ ನಡಕೊಂಡೇ ಹೋಗ್ಬೇಕು. ಹರಕೆ ತೀರೋವರ್ಗೂ ಆಟೋ ಕೀ ದೇವರ ಗೂಡಲ್ಲೇ ಇರ್ತೈತೆ" ಅಂದಳು.

ಕೀ ಇಲ್ಲದೆ ಆಟೋ ಇಲ್ಲ, ಆಟೋ ಇಲ್ಲದೆ ಹುಲಿಯಪ್ಪನಿಗೆ ಅನ್ನವಿಲ್ಲ. ಬೀಡಿ ತರಲಿಕ್ಕೂ ಆಟೋ ಸ್ಟಾರ್ಟ್ ಮಾಡುತ್ತಿದ್ದ ಮನುಷ್ಯ ಮೂರನೆಯ ದಿನ ದೇವಸಮುದ್ರ ದಾಟುವ ಹೊತ್ತಿಗೆ ಕಾದ ಹೆಂಚಿನ ಮೇಲೆ ಬಿಟ್ಟ ಕೋಳಿಯ ಹಾಗೆ ಕಾಲೆತ್ತಿ ಇಡುತ್ತಿದ್ದ. ಅವನ ಪಕ್ಕದಲ್ಲಿ ಮಹಾಂತೇಶ, ಅವನದೇ ಆಟೋ ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್. ರೇಣುಕಮ್ಮ ಅವನನ್ನು ಕಳಿಸಿದ್ದು ಸಾಕ್ಷಿಗೆ. ಗಂಟೆಗೊಮ್ಮೆ ಫೋನು: "ಇಲ್ಲ ಅಕ್ಕಾ, ಇನ್ನೂ ಯಾವ ಗಾಡೀನೂ ಹತ್ತಿಲ್ಲ."

ಹುಲಿಯಪ್ಪನನ್ನು ನಿಜಕ್ಕೂ ನಡೆಸಿಕೊಂಡು ಬಂದವಳು, ಎರಡನೆಯ ದಿನ ದಾರಿಯಲ್ಲಿ ಜೊತೆಯಾದ ಕೆಂಚಕ್ಕ. ತಳಕಿನ ಹತ್ತಿರದ ಕುರಿಹಟ್ಟಿಯವಳು, ಎಪ್ಪತ್ತು ದಾಟಿದವಳು. ಬರಿಗಾಲು. ಜೀವಮಾನವೆಲ್ಲ ಕುರಿ ಹಿಂದೆ ನಡೆದ ಆ ಅಂಗಾಲುಗಳನ್ನು ಮುಳ್ಳು ಕೂಡ ಗುರುತು ಹಿಡಿದು ಪಕ್ಕಕ್ಕೆ ಸರಿಯುತ್ತಿತ್ತೇನೋ. ಕುರುಚಲು ಕಾಡಿನ ಒಂದೊಂದು ಬಂಡೆಗೂ ಅವಳಲ್ಲಿ ಒಂದೊಂದು ಕತೆ; ಸೀತಾಫಲದ ಗಿಡ ಕಂಡರೆ ಎರಡು. ನಡುನಡುವೆ ಹುಲಿಯಪ್ಪನಿಗೆ ಒಂದು ಏಟು.

"ಏನ್ಲೇ, ಹೆಸರು ಹುಲಿ, ನಡಿಗೆ ಬಾಣಂತಿ ಬೆಕ್ಕಿಂದು!"

ಆ ಮಾತಿನ ಜಾಡು ಹಿಡಿದೇ ಅವನು ಬೆಟ್ಟದ ಬುಡ ಸೇರಿದ. ಕೆಂಚಕ್ಕ ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದ ಗುಂಡುಕಲ್ಲಿನ ಮೇಲೆ ಕೂತಳು. ಬಾಯಿ ಮುಚ್ಚಿದಳು.

"ಅವ್ವಾ, ಹತ್ತಾಣೇನು?"

ಕೆಂಚಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು, ಅಷ್ಟೆ.

ಹುಲಿಯಪ್ಪ ಗಾಬರಿಬಿದ್ದ. ಎರಡು ದಿನದಿಂದ ಉಗುಳು ನುಂಗಲಿಕ್ಕೂ ಮಾತು ನಿಲ್ಲಿಸದವಳು ಈಗ ಬಾಯಿ ಮುಚ್ಚಿದ್ದಾಳೆಂದರೆ ಏನೋ ಆಗಿರಲೇಬೇಕು!

"ಲಕ್ವ ಹೊಡೆದೈತೆ ಕಣ್ಲೇ!" ಎಂದ ಮಹಾಂತೇಶ. ಕೆಂಚಕ್ಕ ಎರಡೂ ಕೈ ಜೋರಾಗಿ ಆಡಿಸಿದಳು.

"ಲಕ್ವ ಆದ್ರೆ ಕೈ ಹಂಗೆ ಆಡ್ತಾವೇನು? ಪಿತ್ತ ನೆತ್ತಿಗೇರೈತೆ" ಎಂದಳು ಹಣ್ಣುಕಾಯಿ ಮಾರುವ ದಾಕ್ಷಾಯಿಣಿ. ರಾಯದುರ್ಗದ ಕಡೆಯ ಯಾತ್ರಿಕರೊಬ್ಬರು "ಅಯ್ಯೋ ಪಾಪಂ! ಉಸಿರಿರೋವಾಗ್ಲೇ ದೇವರ ಮುಖ ತೋರಿಸ್ರಪ್ಪಾ" ಎಂದು ಕಣ್ಣೊರೆಸಿಕೊಂಡರು.

ಹುಲಿಯಪ್ಪ ಹಿಂದೆಮುಂದೆ ನೋಡಲಿಲ್ಲ. ಬೊಬ್ಬೆ ಎದ್ದ ತನ್ನ ಕಾಲನ್ನೂ ಮರೆತು ಮುದುಕಿಯನ್ನು ಬೆನ್ನಿಗೇರಿಸಿಕೊಂಡ. ಈರುಳ್ಳಿ ಮೂಟೆಯಾದರೆ ಸುಮ್ಮನಿರುತ್ತದೆ, ಇವಳು ಗುದ್ದಿದಳು.

"ಹೆದರ್ಬ್ಯಾಡವ್ವಾ, ಬೀಳ್ಸಲ್ಲ!"

ಇನ್ನೆರಡು ಗುದ್ದು.

"ಬೇಗ ಹೋಗಂತೀಯಾ? ಆಯ್ತವ್ವಾ!"

ಗುದ್ದು ಹೆಚ್ಚಿದಷ್ಟೂ ಅವನು ಓಡಿದ. ಮೆಟ್ಟಿಲ ಎರಡೂ ಬದಿಯ ಜನ ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು, ಮೊಬೈಲು ಎತ್ತಿ ಹಿಡಿದರು. "ಹೆತ್ತ ಮಗನೂ ಹಿಂಗೆ ಹೊರಲ್ಲ ಬಿಡ್ರಿ" ಎಂದರು. ಕೆಂಚಕ್ಕ ಕಿವಿ ಹಿಂಡಿದಳು. ಅವನು ಇನ್ನೂ ಜೋರು ಹಿಡಿದ.

ತುದಿಯಲ್ಲಿ ಇಳಿಸಿದಾಗ ಹುಲಿಯಪ್ಪನ ಬಾಯಲ್ಲಿ ಉಸಿರಿನ ಬದಲು ಹೊಗೆ ಬರುವುದೊಂದು ಬಾಕಿ. ಕೆಂಚಕ್ಕ ನೆಟ್ಟಗೆ ಒಳಗೆ ನಡೆದು ಗಂಟೆ ಬಾರಿಸಿ ಲಿಂಗದ ಮುಂದೆ ನಿಂತಳು. ದೀಪದ ಬೆಳಕಿನಲ್ಲಿ ಆ ಸುಕ್ಕುಮುಖ ಕ್ಷಣಕಾಲ ಹಸುಗೂಸಿನ ಮುಖವಾಯಿತು. ನೋಡಿದವರೂ ಕೈಮುಗಿದರು. ಆಮೇಲೆ ಅವಳು ಹಿಂತಿರುಗಿದಳು.

"ಲೇ ಹುಲಿಯಾ! ಮೊದ್ಲ ಮೆಟ್ಟಿಲಿಂದ ಶಿವನ ಮುಖ ನೋಡೋವರ್ಗೂ ಮಾತಾಡ್ದಂಗೆ, ನನ್ನ ಕಾಲಲ್ಲೇ ಹತ್ತುತೀನಿ ಅಂತ ಹರಕೆ ಕಣಪ್ಪಾ ನಂದು! ಇದು ಜಟಾಯು ರೆಕ್ಕೆ ಮುರ್ಕೊಂಡು ಬಿದ್ದ ಬೆಟ್ಟ. ಒಲ್ಲೆ ಅಂದ ಹೆಂಗ್ಸನ್ನ ಹೊತ್ಕೊಂಡು ಹೋದೋನು ಯಾರು, ಹೇಳು ನೋಡಾಣ!"

"ರಾ... ರಾವಣ" ಎಂದ ಹುಲಿಯಪ್ಪ ನೆಲ ನೋಡುತ್ತ.

"ಅವನಿಗಾದ್ರೂ ಒಂದು ಹಕ್ಕಿ ಅಡ್ಡ ಬಂತು. ನಿನಗೆ ಊರ್ ಮಂದಿಯೆಲ್ಲ ಚಪ್ಪಾಳೆ ಹೊಡೆದ್ರಲ್ಲೋ!"

ಪೂಜಾರಿ ಓಂಕಾರಮೂರ್ತಿಗಳು ನಗು ತಡೆಯಲು ಶಂಖ ಊದಿದರು. ಶಂಖವೂ ನಕ್ಕಿತು. ಆಮೇಲೆ ತೀರ್ಪು ಹೇಳಿದರು: "ಕಾಲು ನೆಲ ಬಿಟ್ಟ ಜಾಗದಿಂದ ಮತ್ತೆ ಹತ್ತಿ ಬಾರವ್ವ, ಸಾಕು. ಶಿವ ಒಪ್ತಾನೆ."

"ನನ್ನ ಹರಕೆ ತೀರ್ತಲ್ಲ ಸ್ವಾಮೀ?" ಎಂದು ಹುಲಿಯಪ್ಪ ಆಸೆಯಿಂದ ಕೇಳಿದ. ಅಷ್ಟರಲ್ಲಿ ಹಿಂದೆಯೇ ಹತ್ತಿ ಬಂದ ಮಹಾಂತೇಶ ರೇಣುಕಮ್ಮನಿಗೆ ವರದಿ ಒಪ್ಪಿಸಿ, ಫೋನನ್ನು ಅವನ ಮುಖಕ್ಕೆ ಹಿಡಿದಿದ್ದ. ರೇಣುಕಮ್ಮನ ದನಿ ಗರ್ಭಗುಡಿಯವರೆಗೂ ಕೇಳಿಸಿತು.

"ಹಿರೇ ಜೀವದ ಹರಕೆ ಕೆಡಿಸಿ ಬಂದ್ರೆ ಕೀ ಎಲ್ಲಿಂದ ಕೊಡ್ಲಿ? ಅವ್ವನ ಜೊತೆಗೆ ಬುಡದಿಂದ ಇನ್ನೊಂದ್ಸಲ ಹತ್ರಿ. ಅವರದು ತೀರಿದ ಮೇಲೇ ನಿಮ್ಮದು!"

ಹುಲಿಯಪ್ಪ ಕಣ್ಣು ಮುಚ್ಚಿ ರಾಮೇಶ್ವರನಿಗೆ ಕೈಮುಗಿದ. ತಪ್ಪು ತನ್ನದೇ, ಇಂಥ ಗಟ್ಟಿ ಜೀವದ ಹಿಂದೆ ಇನ್ನೊಮ್ಮೆ ಹತ್ತುವುದೂ ಪುಣ್ಯವೇ ಎಂದು ಮನಸ್ಸಿಗೆ ಹೇಳಿದ. ಮನಸ್ಸು ಒಪ್ಪಿತು, ಮಂಡಿ ಒಪ್ಪಲಿಲ್ಲ. ಇಳಿಜಾರಿನ ಮೆಟ್ಟಿಲ ಬಳಿ ಬಂದು ಕೈ ಚಾಚಿದ.

"ಬಾರವ್ವಾ, ಮೆಲ್ಲಗೆ ಇಳಿಯಾಣ."

ಕೆಂಚಕ್ಕ ಕದಲಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹತ್ತೋದಕ್ಕೆ ಹರಕೆ ಐತೆ. ಇಳಿಯೋದಕ್ಕೆ ಎಲ್ಲೈತೆ? ಬಗ್ಗೋ ಲೇ!"