ಇಪ್ಪತ್ತೈದು ನಿಮಿಷ ಹಿಂದಿದ್ದ ನಿಮ್ಮ ಅಜ್ಜ

ಮೊಮ್ಮಕ್ಕಳೇ, ನಿಮ್ಮ ಅಜ್ಜನಿಗೂ ಭಾರತ ಸರ್ಕಾರಕ್ಕೂ ಒಂದು ಜಗಳವಿತ್ತು. ಹೊಲದ್ದಲ್ಲ, ನೀರಿನದೂ ಅಲ್ಲ, ಇಪ್ಪತ್ತೈದು ನಿಮಿಷದ್ದು!

ದೇಶದ ಗಡಿಯಾರಗಳೆಲ್ಲ ಅಲಹಾಬಾದಿನ ಹತ್ತಿರ ಹಾದುಹೋಗುವ ಒಂದು ಗೆರೆಯ ಲೆಕ್ಕದಲ್ಲಿ ನಡೆಯುತ್ತವೆಂದು ಅವರು ಎಲ್ಲಿಯೋ ಓದಿದರು. ಅಲ್ಲಿ ನೆತ್ತಿಗೆ ಬಂದ ಸೂರ್ಯ ನಮ್ಮ ತಂಬ್ರಹಳ್ಳಿಯ ನೆತ್ತಿಗೆ ಬರಲು ಇನ್ನೂ ಇಪ್ಪತ್ತೈದು ನಿಮಿಷ ಬೇಕಂತೆ. "ಅವರಿಗೆ ಮಧ್ಯಾಹ್ನ ಆದ್ರ ನಾವ್ಯಾಕ ಉಣ್ಣಬೇಕು?" ಎಂದು ಕೈಗಡಿಯಾರವನ್ನು ಅಷ್ಟೇ ಹಿಂದಕ್ಕೆ ತಿರುಗಿಸಿದರು. ದಿನವೂ ಆರಿ ತಣ್ಣಗಾಗುತ್ತಿದ್ದುದು ನನ್ನ ಅಡುಗೆ!

"ನೇಪಾಳ ನೋಡು, ಅಂಗೈಯಷ್ಟು ದೇಶ! ತನ್ನ ಟೈಮು ನಮಗಿಂತ ಕಾಲು ತಾಸು ಮುಂದ ಇಟ್ಕೊಂಡೈತಿ. ತಂಬ್ರಹಳ್ಳಿ ಏನು ಪಾಪ ಮಾಡೈತಿ?"

ಪಾಪ ಮಾಡಿದ್ದು ನಾನಿರಬೇಕು. ಎಷ್ಟು ಬಸ್ಸು ತಪ್ಪಿಸಿಕೊಂಡೆವೋ! ಒಮ್ಮೆ ಕಂಡಕ್ಟರನೇ ನಕ್ಕ. "ಯಜಮಾನ್ರ, ದೆಹಲಿ ಟೈಮಿನ ಬಸ್ಸು ಹೋತ್ರಿ. ನಿಮ್ಮ ಟೈಮಿಂದು ಇನ್ನೂ ಬರಬೇಕು, ಕುಂದರ್ರಿ!"

ಸುಮ್ಮನಾದರೇ? ಹಡಗಲಿಯ ವಕೀಲರೊಬ್ಬರನ್ನು ಹಿಡಿದು ಕೂತರು. ಕೆಲವು ದೇಶಗಳು ಸಮಯವನ್ನು ಕಾಯ್ದೆಯಲ್ಲಿ ಬರೆದಿಟ್ಟಿವೆ, ನಮ್ಮಲ್ಲಿ ಅದು ಸರ್ಕಾರದ ಹುಕುಮಿನ ಮೇಲೆ ನಡೆದಿದೆ, ರೇಡಿಯೋದಲ್ಲಿ ಸುದ್ದಿಗೆ ಮುಂಚೆ ಗಂಟೆಗೆ ಸರಿಯಾಗಿ ಕೇಳುವ ಪೀಂ ಪೀಂ ಅದನ್ನೇ ಸಾರುತ್ತದೆ ಎಂದು ತಿಳಿದುಬಂದರು. ಅಂದಿನಿಂದ ಚೀಲದಲ್ಲೊಂದು ಪುಟ್ಟ ರೇಡಿಯೋ. ಹೋದಲ್ಲೆಲ್ಲ ದೆಹಲಿಯನ್ನು ಬೈಯಲು ಬೇಕಲ್ಲ!

ಅಷ್ಟರಲ್ಲಿ ತಾಲ್ಲೂಕು ಪಂಚಾಯಿತಿ ಚುನಾವಣೆ ಬಂತು, ನಮ್ಮ ಕ್ಷೇತ್ರ ಹೆಂಗಸರಿಗೆ ಮೀಸಲಾಯಿತು. ಏಳನೆಯ ತರಗತಿಗೇ ಓದು ಬಿಟ್ಟವಳು ನಾನು. ನಾಲ್ಕು ಜನರೆದುರು ಬಾಯಿ ತೆರೆದವಳಲ್ಲ. ಆದರೂ ಹೆಣ್ಣುಮಕ್ಕಳು ಓದಲು ಹತ್ತಿರದಲ್ಲೊಂದು ಹೈಸ್ಕೂಲು ತರಬೇಕೆಂಬ ಆಸೆಗೆ ನಿಂತೇಬಿಟ್ಟೆ.

ನಾಮಪತ್ರಕ್ಕೆ ಕೊನೆಯ ದಿನ, ಮಧ್ಯಾಹ್ನ ಮೂರರೊಳಗೆ ಕೊಡಬೇಕು. ದಾರಿಯಲ್ಲಿ ಬಸ್ಸು ಕೆಟ್ಟಿತು. ನಿಮ್ಮ ಅಜ್ಜನೂ ನಾನೂ ಓಡೋಡಿ ತಾಲ್ಲೂಕು ಕಚೇರಿ ಹೊಕ್ಕಾಗ ಗೋಡೆಯ ಗಡಿಯಾರದಲ್ಲಿ ಮೂರೂ ಐದು!

"ಟೈಮ್ ಮುಗೀತ್ರಿ," ಎಂದರು ನಾಮಪತ್ರ ತೆಗೆದುಕೊಳ್ಳುವ ಸಾಹೇಬರು. "ನಿಮ್ಮ ತಂಬ್ರಹಳ್ಳಿ ಟೈಮು ಇಲ್ಲಿ ನಡಿಯಂಗಿಲ್ಲ ಯಜಮಾನ್ರ." ಇವರ ಕೀರ್ತಿ ಅಲ್ಲಿಗೂ ಮುಟ್ಟಿತ್ತು!

"ತಂಬ್ರಹಳ್ಳೀದು ಬ್ಯಾಡ್ರಿ, ದೆಹಲೀದ ತಗೋರಿ! ನಿಮ್ಮ ಗೋಡಿ ಗಡಿಯಾರಕ್ಕ ಯಾವ ಸರ್ಕಾರದ ಹುಕುಂ ಐತ್ರಿ?" ಎಂದವರೇ ರೇಡಿಯೋವನ್ನು ಮೇಜಿನ ಮೇಲಿಟ್ಟು ತಿರುವಿದರು.

ಹಾಡು ಬರುತ್ತಿತ್ತು. ಗೋಡೆಯ ಗಡಿಯಾರ ಸರಿಯಿದ್ದರೆ ಮೂರು ಗಂಟೆಯ ಸುದ್ದಿ ನಡೆಯುತ್ತಿರಬೇಕಿತ್ತು, ಅದರ ಸುಳಿವೇ ಇಲ್ಲ! ಸಾಹೇಬರು ಒಮ್ಮೆ ಗೋಡೆ ನೋಡಿದರು, ಒಮ್ಮೆ ರೇಡಿಯೋ ನೋಡಿದರು, ಕೊನೆಗೆ ನನ್ನತ್ತ ಕೈ ಚಾಚಿದರು. ಕಾಗದದ ಮೇಲೆ ಮೊಹರು ಬಿತ್ತು. ಆಮೇಲೆ ಕೇಳಿಸಿತು, ಮೂರು ಗಂಟೆಯ ಪೀಂ ಪೀಂ! ಕಚೇರಿಗೆ ಕಚೇರಿಯೇ ನಕ್ಕಿತು. ನಾನೂ ಜೋರಾಗಿ ನಕ್ಕೆ, ಅಷ್ಟು ಗಂಡಸರೆದುರು!

ಚುನಾವಣೆ ಗೆದ್ದೆ. ಹೈಸ್ಕೂಲೂ ಬಂತು. ನಿಮ್ಮ ಅವ್ವ ಓದಿದ್ದು ಅಲ್ಲಿಯೇ.

ಆ ದಿನ ಊರಿಗೆ ಮರಳುವಾಗ ಬಸ್ಸಿನಲ್ಲಿ ಅವರ ಮುಂಗೈ ಕಣ್ಣಿಗೆ ಬಿತ್ತು. ಕೈಗಡಿಯಾರ ಸರಿಯಾಗಿ ಸರ್ಕಾರದ ಸಮಯ ತೋರಿಸುತ್ತಿತ್ತು!

"ಇದನ್ನ ಯಾವಾಗ ತಿದ್ದಿದ್ರಿ?" ಎಂದೆ.

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. "ನೀನು ನಿಲ್ತೀನಿ ಅಂದ್ಯಲ್ಲ, ಅವತ್ತ."